ಉತ್ತರಿಸದವರ ಲೆಕ್ಕ

ಸಮಾಜಶಾಸ್ತ್ರದ ಪದವಿಗೆ ಸೇರಿ ಎರಡು ತಿಂಗಳಾದ ಮೇಲೆ ನಾನು ಬರೆದುಕೊಟ್ಟ ಮೊದಲ ಪ್ರಬಂಧ ಮರಳಿ ಕೈಗೆ ಬಂದಾಗ, ಅದರ ಅಂಚಿನಲ್ಲಿ ಏಳು ಕಡೆ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಇತ್ತು: ‘ಹೇಗೆ ಗೊತ್ತು?’ ‘ಇಂದಿನ ಯುವಜನರಿಗೆ ಕುಟುಂಬದ ಮೇಲೆ ಮೊದಲಿನಷ್ಟು ಒಲವಿಲ್ಲ’ ಎಂಬ ವಾಕ್ಯದ ಪಕ್ಕ ಒಂದು, ‘ನಗರಗಳಲ್ಲಿ ನೆರೆಹೊರೆಯವರಿಗೆ ಪರಸ್ಪರ ಪರಿಚಯವಿರುವುದಿಲ್ಲ’ ಎಂಬುದರ ಪಕ್ಕ ಇನ್ನೊಂದು, ಹೀಗೆ. ಬರೆಯುವಾಗ ಅವು ರುಜುವಾತು ಬೇಡುವ ಸಂಗತಿಗಳೆಂದೇ ನನಗೆ ಅನ್ನಿಸಿರಲಿಲ್ಲವಾದ್ದರಿಂದ, ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂದವನಿಗೆ ಸಾಕ್ಷಿ ಕೇಳಿದಂತಾಯಿತು. ಅಧ್ಯಾಪಕಿಯವರ ಕೋಣೆಗೆ ಹೋಗಿ, ‘ಮೇಡಂ, ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?’ ಎಂದೆ. ‘ಎಲ್ಲರಿಗೂ ಗೊತ್ತಿದ್ದರೆ ನೀನು ಮೂರು ವರ್ಷ ಇಲ್ಲಿ ಕೂತು ಏನು ಮಾಡುತ್ತೀಯಪ್ಪಾ?’ ಎಂದು ಅವರು ನಗುತ್ತಲೇ ಕೇಳಿ, ಮುಂದಿನ ವಿದ್ಯಾರ್ಥಿಯನ್ನು ಒಳಗೆ ಕರೆದರು.

ಈ ವಿಷಯವನ್ನು ಆರಿಸಿಕೊಂಡದ್ದರ ಹಿಂದೆ ಘನವಾದ ಉದ್ದೇಶವೇನೂ ಇರಲಿಲ್ಲ. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಅಭ್ಯಾಸವಿತ್ತು, ಗಣಿತವೆಂದರೆ ದೂರ ಓಡುತ್ತಿದ್ದೆ, ಸಮಾಜದ ಬಗ್ಗೆ ಅಭಿಪ್ರಾಯಗಳಿಗಂತೂ ಬರವಿರಲಿಲ್ಲ. ಅಭಿಪ್ರಾಯಗಳು ಇಲ್ಲಿ ಚಲಾವಣೆಯಲ್ಲಿಲ್ಲ ಎಂಬುದು ಆ ಏಳು ಪೆನ್ಸಿಲ್ ಗುರುತುಗಳಿಂದಲೂ, ಗಣಿತದಿಂದ ತಪ್ಪಿಸಿಕೊಳ್ಳಲು ಬಂದವನಿಗೆ ಸಂಖ್ಯಾಶಾಸ್ತ್ರ ಕಡ್ಡಾಯ ಎಂಬುದು ಮೂರನೆಯ ಸೆಮಿಸ್ಟರಿನ ವೇಳಾಪಟ್ಟಿಯಿಂದಲೂ ತಿಳಿಯಿತು.

ಮೊದಲ ವರ್ಷದ ಬಹುಪಾಲು ವ್ಯಾಖ್ಯೆಗಳಲ್ಲೇ ಕಳೆದುಹೋಯಿತು. ಸಮುದಾಯ, ಸಂಸ್ಥೆ, ಅಂತಸ್ತು, ಪಾತ್ರ, ಸಾಮಾಜೀಕರಣ, ಸ್ತರವಿನ್ಯಾಸ ಎಂದು ಪದಗಳ ಪಟ್ಟಿ ಮಾಡಿಕೊಂಡು, ಒಂದೊಂದಕ್ಕೂ ಮೂವರು ವಿದ್ವಾಂಸರ ಹೇಳಿಕೆಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ ಬಂದೆವು. ಇದರಿಂದ ಅಂಕಗಳು ಬಂದವೇ ಹೊರತು ಬೇರೇನೂ ಬರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪದಗಳ ಅಗತ್ಯ ತಲೆದೋರುವ ಮೊದಲೇ ಪದಗಳನ್ನು ಕೊಟ್ಟರೆ ಅವು ನಾಲಗೆಯ ಮೇಲೇ ಉಳಿಯುತ್ತವೆ. ಆ ವರ್ಷದಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಅಮೆರಿಕದ ಸಿ. ರೈಟ್ ಮಿಲ್ಸ್ 1959ರಲ್ಲಿ ಕೊಟ್ಟ ಒಂದು ಸರಳ ಉದಾಹರಣೆ. ಒಂದು ಲಕ್ಷ ಜನರಿರುವ ನಗರದಲ್ಲಿ ಒಬ್ಬನೇ ಒಬ್ಬ ನಿರುದ್ಯೋಗಿಯಾಗಿದ್ದರೆ ಅವನ ಸ್ವಭಾವವನ್ನೂ ಕೌಶಲವನ್ನೂ ನೋಡಬೇಕಾಗುತ್ತದೆ. ಐದು ಕೋಟಿ ದುಡಿಯುವವರಿರುವ ದೇಶದಲ್ಲಿ ಒಂದೂವರೆ ಕೋಟಿ ಜನ ನಿರುದ್ಯೋಗಿಗಳಾಗಿದ್ದರೆ ಅವರ ಸ್ವಭಾವಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಕೂರುವುದು ಅರ್ಥಹೀನ. ಒಬ್ಬನ ಕಷ್ಟವು ಯಾವ ಹಂತದಲ್ಲಿ ಅವನೊಬ್ಬನದಾಗಿ ಉಳಿಯುವುದಿಲ್ಲ ಎಂಬ ಪ್ರಶ್ನೆ ಇರುವುದೇ ನನಗೆ ಅಲ್ಲಿಯತನಕ ತಿಳಿದಿರಲಿಲ್ಲ.

ಅದೇ ಗುಂಗಿನಲ್ಲಿ ಎಮಿಲ್ ಡರ್ಖೈಮ್ ಅವರ ಪಾಠ ಬಂತು. 1897ರಲ್ಲಿ ಪ್ರಕಟವಾದ ಆತ್ಮಹತ್ಯೆಯ ಅಧ್ಯಯನದಲ್ಲಿ ಅವರು ಹೊರಟದ್ದು, ಮನುಷ್ಯ ತೀರಾ ಒಂಟಿಯಾಗಿ ಕೈಗೊಳ್ಳುವ ನಿರ್ಧಾರವೆಂದು ನಾವು ನಂಬಿದ್ದಕ್ಕೂ ಸಾಮಾಜಿಕ ಆಯಾಮವಿದೆ ಎಂದು ಅಂಕಿ ಅಂಶಗಳಿಂದಲೇ ತೋರಿಸಲು. ಒಂದೊಂದು ದೇಶದ ದರವೂ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದೆ ಇರುವುದನ್ನೂ, ಕ್ಯಾಥೊಲಿಕರಿಗಿಂತ ಪ್ರಾಟೆಸ್ಟೆಂಟರಲ್ಲಿ, ವಿವಾಹಿತರಿಗಿಂತ ಅವಿವಾಹಿತರಲ್ಲಿ ದರ ಹೆಚ್ಚಿರುವುದನ್ನೂ ಸರ್ಕಾರಿ ದಾಖಲೆಗಳಿಂದ ತೆಗೆದು ಜೋಡಿಸಿ, ವ್ಯಕ್ತಿಗೂ ಗುಂಪಿಗೂ ನಡುವಿನ ಬಂಧ ಎಷ್ಟು ಗಟ್ಟಿಯಾಗಿದೆ ಎಂಬುದರಲ್ಲಿ ಅದಕ್ಕೆ ಕಾರಣವನ್ನು ಹುಡುಕಿದರು. ಆ ಕೋಷ್ಟಕಗಳನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ‘ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ಹೀಗೂ ಉತ್ತರ ಕೊಡಬಹುದಲ್ಲ ಎಂಬ ಬೆರಗು ಅದು. ಆದರೆ ಆ ಬೆರಗಿನ ಆಯುಷ್ಯ ಆರು ವಾರ ಮಾತ್ರ. ಆರು ವಾರಗಳ ಬಳಿಕ ಅದೇ ತರಗತಿಯಲ್ಲಿ ಜಾಕ್ ಡಗ್ಲಸ್ 1967ರಲ್ಲಿ ಎತ್ತಿದ ಆಕ್ಷೇಪವನ್ನು ಓದಿದೆವು. ಒಂದು ಸಾವನ್ನು ಆತ್ಮಹತ್ಯೆಯೆಂದು ದಾಖಲಿಸುವವನು ಒಬ್ಬ ಅಧಿಕಾರಿ. ಬಂಧುಗಳು ಒಗ್ಗಟ್ಟಾಗಿರುವ ಕಡೆ ಆ ಪದ ದಾಖಲೆಗೆ ಬಾರದಂತೆ ನೋಡಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಹಾಗಿದ್ದರೆ ಆ ಅಂಕಿಗಳು ಅಳೆದದ್ದು ಸಾವುಗಳನ್ನೋ, ದಾಖಲಿಸುವ ರೀತಿಯನ್ನೋ? ಕಟ್ಟಿದ ಮನೆಯನ್ನು ಕಟ್ಟಿದವರೇ ಬಂದು ಕೆಡವಿ ಹೋದಂತೆ ನಾನು ಕೂತಿದ್ದೆ. ಪ್ರತಿ ಸೆಮಿಸ್ಟರಿನಲ್ಲೂ ಹೀಗೆ ಒಬ್ಬರನ್ನು ನಂಬಿಸಿ, ಮುಂದಿನ ತಿಂಗಳು ಇನ್ನೊಬ್ಬರಿಂದ ಆ ನಂಬಿಕೆಯನ್ನು ಅಲುಗಾಡಿಸುವುದು ಈ ಪದವಿಯ ಪರಿಪಾಠವೇ ಎಂಬುದು ಕ್ರಮೇಣ ತಿಳಿಯಿತು. ಅದನ್ನು ತಾಳಿಕೊಳ್ಳಲಾಗದೆ ನಮ್ಮ ತರಗತಿಯ ಇಬ್ಬರು ವಿಷಯವನ್ನೇ ಬದಲಿಸಿಕೊಂಡರು.

ಎರಡನೆಯ ವರ್ಷದಲ್ಲಿ ನನಗೆ ಈ ವಿಷಯದ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಬರುವ ಒಂದು ರೋಗ ಬಂತು. ಯಾರು ಏನು ಹೇಳಿದರೂ ಅದರ ಹಿಂದಿನ ವರ್ಗವನ್ನೋ ಅಧಿಕಾರವನ್ನೋ ಹುಡುಕುವುದು, ಮನೆಯವರ ಮಾತುಗಳನ್ನು ಪಠ್ಯದ ಉದಾಹರಣೆಗಳಂತೆ ಕಾಣುವುದು ಅದರ ಲಕ್ಷಣ. ಈ ರೋಗ ಏರುಗತಿಯಲ್ಲಿದ್ದಾಗಲೇ ಹೆರಾಲ್ಡ್ ಗಾರ್ಫಿಂಕೆಲ್ ಅವರ ಪ್ರಯೋಗಗಳ ಪಾಠವಾಯಿತು. ತಮ್ಮ ತಮ್ಮ ಮನೆಗಳಲ್ಲಿ ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬಾಡಿಗೆಗೆ ಬಂದ ಅಪರಿಚಿತರಂತೆ ವಿನಯದಿಂದ ನಡೆದುಕೊಂಡು, ಏನಾಗುತ್ತದೆ ಎಂಬುದನ್ನು ಬರೆದು ತರುವಂತೆ ಅವರು ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರಂತೆ. ನಾವು ಲಕ್ಷ್ಯವಿಡದೆ ಪಾಲಿಸುತ್ತಿರುವ ನಿಯಮ ಎಲ್ಲಿದೆ ಎಂಬುದು ಅದನ್ನು ಮುರಿದಾಗಲೇ ಕಾಣುತ್ತದೆ ಎಂಬುದು ಅವರ ತರ್ಕ. ರಜೆಗೆ ಮನೆಗೆ ಹೋದವನು ಅದನ್ನು ಅಕ್ಕನ ಮೇಲೆ ಪ್ರಯೋಗಿಸಿದೆ.

ಅಕ್ಕ ಕುರ್ಚಿಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, ‘ಅಕ್ಕಾ, ನಿಮಗೆ ತೊಂದರೆಯಾಗದಿದ್ದರೆ ನಾನು ಇಲ್ಲಿ ಕೂರಬಹುದೇ?’ ಎಂದೆ. ಅವಳ ಕೈಗಳು ನಿಂತವು. ‘ಏನೋ ಅದು, ನೀವು ಅಂತೆ?’ ಎಂದಳು. ‘ದಯವಿಟ್ಟು ತಪ್ಪು ತಿಳಿಯಬೇಡಿ, ಅನುಮತಿ ಕೇಳಿದೆ ಅಷ್ಟೆ’ ಎಂದೆ. ಮೊದಲು ನಕ್ಕಳು, ಎರಡು ನಿಮಿಷವಾದರೂ ನಾನು ಬಹುವಚನ ಬಿಡದಿದ್ದುದನ್ನು ಕಂಡು, ‘ನನ್ನ ಮೇಲೆ ಏನಾದರೂ ಕೋಪವೇನೋ?’ ಎಂದು ಕೇಳಿದಳು. ನಾಲ್ಕನೆಯ ನಿಮಿಷಕ್ಕೆ ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹದಿನೈದು ನಿಮಿಷದ ಪ್ರಯೋಗ ಅಲ್ಲಿಗೆ ಮುಗಿಯಿತು. ‘ನೀನು’ ಎಂಬ ಒಂದು ಪದ ನಮ್ಮಿಬ್ಬರ ನಡುವೆ ಎಷ್ಟು ಭಾರ ಹೊತ್ತಿತ್ತೆಂಬುದು, ಅದನ್ನು ಕಿತ್ತ ಮೇಲೆ ಅವಳ ಮುಖದಲ್ಲಿ ಕಂಡಿತು. ನಡೆದದ್ದನ್ನು ವಿವರಿಸಿದ ಮೇಲೂ ಅವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ‘ನಿನ್ನ ಪಾಠಕ್ಕೆ ನನ್ನನ್ನು ಉದಾಹರಣೆ ಮಾಡಿಕೊಳ್ಳಬೇಡ’ ಎಂದಳು. ಸಂಶೋಧನೆಗೆ ಒಳಪಡುವವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕೆಂಬ ನಿಯಮವನ್ನು ಮುಂದೆ ಸಂಶೋಧನಾ ನೀತಿಯ ಪಾಠದಲ್ಲಿ ಓದಿದಾಗ ನನಗೆ ನೆನಪಾದದ್ದು ಅವಳ ಕೈಯಲ್ಲಿದ್ದ ಅರ್ಧ ಮಡಚಿದ ಅಂಗಿ.

ಸಿದ್ಧಾಂತದ ಪೇಪರುಗಳಿಗೇ ಈ ವಿಷಯದ ಮರ್ಯಾದೆಯೆಲ್ಲ ಸಲ್ಲುತ್ತದೆ. ಆದರೆ ನನ್ನ ಮಟ್ಟಿಗೆ ಪದವಿಯ ಜೀವಾಳ ಇದ್ದದ್ದು, ಎಲ್ಲರೂ ಗೊಣಗುತ್ತ ಓದುವ ಸಂಶೋಧನಾ ವಿಧಾನಗಳ ಪೇಪರಿನಲ್ಲಿ. ಅದರ ಮೊದಲ ತರಗತಿಯಲ್ಲಿ ಮೇಡಂ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕಥೆ ಹೇಳಿದರು. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿ, ಮರಳಿ ಬಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ, ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ವಿಳಾಸಗಳನ್ನು ಆರಿಸಿದ್ದು ದೂರವಾಣಿ ಮತ್ತು ಮೋಟಾರು ವಾಹನಗಳ ಪಟ್ಟಿಗಳಿಂದ, ಅಂದರೆ ಹೆಚ್ಚಾಗಿ ಉಳ್ಳವರಿಂದ ಎಂಬುದನ್ನು ಪಠ್ಯಪುಸ್ತಕಗಳೆಲ್ಲ ಹೇಳುತ್ತವೆ. ಮೇಡಂ ಒತ್ತಿ ಹೇಳಿದ್ದು ಇನ್ನೊಂದು ಮಾತನ್ನು. ಪತ್ರ ತಲುಪಿಯೂ ಮುಕ್ಕಾಲು ಪಾಲು ಜನ ಉತ್ತರಿಸಲಿಲ್ಲ, ಉತ್ತರಿಸಿದವರು ಉತ್ತರಿಸದವರಂತೆ ಇರಲಿಲ್ಲ. ನಾನು ಇದನ್ನು ನೋಟ್ಸಿನಲ್ಲಿ ಬರೆದುಕೊಂಡು, ಅಡಿಗೆರೆ ಎಳೆದು, ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡೆ.

ಅದಾಗಿ ಒಂದು ತಿಂಗಳಿಗೆ ನಮ್ಮ ನಾಲ್ವರ ತಂಡ ವಿದ್ಯಾರ್ಥಿಗಳ ಗ್ರಂಥಾಲಯ ಬಳಕೆಯ ಬಗ್ಗೆ ಸಮೀಕ್ಷೆ ನಡೆಸಿತು. ಪ್ರಶ್ನಾವಳಿಯನ್ನು ಮೊದಲು ಐದಾರು ಜನರ ಮೇಲೆ ಪರೀಕ್ಷಿಸಬೇಕೆಂಬ ನಿಯಮವಿದ್ದುದರಿಂದ ಹಾಗೆಯೇ ಮಾಡಿದೆವು. ‘ನೀವು ಆಗಾಗ ಗ್ರಂಥಾಲಯಕ್ಕೆ ಹೋಗುತ್ತೀರಾ ಮತ್ತು ಅಲ್ಲಿನ ವ್ಯವಸ್ಥೆ ತೃಪ್ತಿಕರವಾಗಿದೆಯೇ?’ ಎಂಬ ನಮ್ಮ ಮೂರನೆಯ ಪ್ರಶ್ನೆಯ ಮುಂದೆ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳಿದ್ದವು. ‘ನಾನು ಹೋಗುವುದೇ ಇಲ್ಲ, ಆದರೆ ಚೆನ್ನಾಗಿದೆ ಎಂದು ಕೇಳಿದ್ದೇನೆ. ಯಾವುದಕ್ಕೆ ಗುರುತು ಹಾಕಲಿ?’ ಎಂದು ಒಬ್ಬ ಕೇಳಿದ. ಇನ್ನೊಬ್ಬನಿಗೆ ‘ಆಗಾಗ’ ಎಂದರೆ ದಿನಕ್ಕೊಮ್ಮೆ, ಮಗದೊಬ್ಬಳಿಗೆ ಪರೀಕ್ಷೆ ಬಂದಾಗ. ‘ತಂದೆಯ ಉದ್ಯೋಗ’ ಎಂಬ ಖಾಲಿ ಜಾಗದ ಮೇಲೆ ಒಬ್ಬ ಹುಡುಗಿಯ ಪೆನ್ನು ಸ್ವಲ್ಪ ಹೊತ್ತು ನಿಂತು, ಏನನ್ನೂ ಬರೆಯದೆ ಮುಂದಿನ ಸಾಲಿಗೆ ಇಳಿಯಿತು. ಅವರ ಮನೆಯನ್ನು ನಡೆಸುತ್ತಿದ್ದವರು ತಾಯಿಯೆಂಬುದನ್ನು ಅವಳೇ ಆಮೇಲೆ ಹೇಳಿದಳು. ನಮ್ಮ ನಮೂನೆಯಲ್ಲಿ ಅವರಿಗೆ ಜಾಗವಿರಲಿಲ್ಲ. ಇವನ್ನೆಲ್ಲ ತಿದ್ದಿ, ಬಹಳ ಜಾಣರಾದೆವೆಂದುಕೊಂಡು, 120 ಜನರಿಂದ ಉತ್ತರ ಪಡೆದು, ಶೇಕಡ 80ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ವಾರಕ್ಕೊಮ್ಮೆಯಾದರೂ ಗ್ರಂಥಾಲಯಕ್ಕೆ ಹೋಗುತ್ತಾರೆ ಎಂಬ ಫಲಿತಾಂಶವನ್ನು ತರಗತಿಯಲ್ಲಿ ಮಂಡಿಸಿದೆವು. ‘ಈ ಉತ್ತರಗಳನ್ನು ಎಲ್ಲಿ ನಿಂತು ತೆಗೆದುಕೊಂಡಿರಿ?’ ಎಂದು ಮೇಡಂ ಕೇಳಿದರು. ಗ್ರಂಥಾಲಯದ ಬಾಗಿಲಲ್ಲಿ ನಿಂತು ತೆಗೆದುಕೊಂಡಿದ್ದೆವು.

ಸಂಖ್ಯಾಶಾಸ್ತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೆದರಿದಷ್ಟು ಕಷ್ಟವಿರಲಿಲ್ಲ. ಲೆಕ್ಕ ಮಾಡುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಯಾವ ಲೆಕ್ಕವನ್ನು ಮಾಡಬಾರದು ಎಂಬುದನ್ನು ನಾವು ನೋಡಿಕೊಳ್ಳಬೇಕು. ಅದಕ್ಕೆ ನನಗೆ ಮರೆಯದ ಪಾಠವಾದದ್ದು ಡಬ್ಲ್ಯೂ. ಎಸ್. ರಾಬಿನ್‌ಸನ್ 1950ರಲ್ಲಿ ತೋರಿಸಿಕೊಟ್ಟ ವಿಚಿತ್ರ. 1930ರ ಅಮೆರಿಕದ ಜನಗಣತಿಯಲ್ಲಿ ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆಯಿತ್ತು. ಆದರೆ ಒಬ್ಬೊಬ್ಬ ವ್ಯಕ್ತಿಯನ್ನೇ ತೆಗೆದುಕೊಂಡರೆ, ವಲಸಿಗರಲ್ಲಿ ಅನಕ್ಷರತೆ ಉಳಿದವರಿಗಿಂತ ಹೆಚ್ಚಿತ್ತು. ವಲಸಿಗರು ಹೋಗಿ ನೆಲೆಸಿದ್ದು ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಲ್ಲಿ ಎಂಬುದೇ ಒಗಟಿನ ಉತ್ತರ. ಪ್ರದೇಶದ ಅಂಕಿಯನ್ನು ಹಿಡಿದು ವ್ಯಕ್ತಿಯ ಬಗ್ಗೆ ಮಾತಾಡುವವರನ್ನು ಕಂಡರೆ ಈಗಲೂ ನನ್ನ ಕೈ ಪೆನ್ಸಿಲನ್ನು ಹುಡುಕುತ್ತದೆ.

ಪಠ್ಯಕ್ರಮದ ಬಗ್ಗೆ ನನಗಿರುವ ಅಸಮಾಧಾನವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಾರ್ಕ್ಸ್, ಡರ್ಖೈಮ್, ವೆಬರ್ ಎಂಬ ಮೂವರ ಸುತ್ತ ನಾವು ಎರಡು ವರ್ಷ ಸುತ್ತಿದೆವು. ಮೂವರೂ ಅಷ್ಟು ಹೊತ್ತು ಬೇಡುವವರೇ, ಅದರಲ್ಲಿ ಅನುಮಾನವಿಲ್ಲ. ಆದರೆ 1838ರಲ್ಲಿ ಆಗಸ್ಟ್ ಕಾಂಟ್ ಈ ಶಾಸ್ತ್ರಕ್ಕೆ ಹೆಸರು ಕೊಟ್ಟದ್ದನ್ನು ಮೊದಲ ದಿನವೇ ಕಲಿತ ನಮಗೆ, ಅದೇ 1838ರಲ್ಲಿ ಹ್ಯಾರಿಯೆಟ್ ಮಾರ್ಟಿನೊ ಎಂಬ ಮಹಿಳೆ ಒಂದು ಸಮಾಜದ ನಡವಳಿಕೆಯನ್ನು ಗಮನಿಸುವುದು ಹೇಗೆಂದು ಪುಸ್ತಕವನ್ನೇ ಬರೆದಿದ್ದರು ಎಂಬುದು ಕೊನೆಯ ವರ್ಷದವರೆಗೆ ತಿಳಿಯಲಿಲ್ಲ. ಫಿಲಡೆಲ್ಫಿಯಾದ ಕಪ್ಪು ಜನರ ಬದುಕನ್ನು ಅರಿಯಲು ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಸ್ವತಃ ಮನೆಮನೆಯ ಬಾಗಿಲು ತಟ್ಟಿ, ಸುಮಾರು 2,500 ಮನೆಗಳಿಂದ ಮಾಹಿತಿ ಕಲೆಹಾಕಿ 1899ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ನಮ್ಮ ಪಠ್ಯದಲ್ಲಿ ಸಿಕ್ಕಿದ್ದು ಒಂದು ಸಾಲು. ಯಾರನ್ನು ಎಣಿಸಿಲ್ಲ ಎಂದು ಕೇಳಲು ಕಲಿಸುವ ಶಾಸ್ತ್ರ ತನ್ನವರನ್ನೇ ಎಣಿಸಲು ಮರೆತಿತ್ತು.

ಮೂರನೆಯ ವರ್ಷದ ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಮೇಲುನೋಟಕ್ಕೆ ಬಲು ಸಣ್ಣದು: ಬರೆದು ಒಪ್ಪಿಸಬೇಕಾದ ಕೆಲಸಕ್ಕೆ ಹೆಚ್ಚಿನ ಕಾಲಾವಕಾಶವನ್ನು ಯಾವ ವಿದ್ಯಾರ್ಥಿಗಳು ಕೇಳುತ್ತಾರೆ, ಯಾರು ಕೇಳುವುದಿಲ್ಲ? ಹಾಗೆ ಕೇಳಬಹುದೆಂದು ಯಾವ ಸೂಚನಾಫಲಕದಲ್ಲೂ ಬರೆದಿರುವುದಿಲ್ಲ. ಆದರೂ ಕೆಲವರಿಗೆ ಅದು ಗೊತ್ತಿರುತ್ತದೆ. ನಾಚಿಕೆ ಸ್ವಭಾವದವರು ಕೇಳುವುದಿಲ್ಲ ಎಂಬುದು ನನ್ನ ಊಹೆಯಾಗಿತ್ತು. ವಿಭಾಗದ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಒಪ್ಪಿಗೆ ಪತ್ರದ ನಮೂನೆ ಸಿದ್ಧಪಡಿಸಿಕೊಂಡು, ನಾಲ್ಕು ತಿಂಗಳಲ್ಲಿ 22 ಸಂದರ್ಶನಗಳನ್ನು ಮಾಡಿದೆ. ಆ ಹಂತದಲ್ಲಿ ಕಲಿತದ್ದು ಮುಖ್ಯವಾಗಿ ಸುಮ್ಮನಿರುವುದನ್ನು. ಮೊದಲ ಧ್ವನಿಮುದ್ರಿಕೆಯನ್ನು ಅಕ್ಷರಕ್ಕೆ ಇಳಿಸಲು ಕೂತಾಗ, ಎದುರಿನವರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ನಾನು ನುಗ್ಗಿ ಅವರ ವಾಕ್ಯವನ್ನು ಮುಗಿಸಿಕೊಟ್ಟಿರುವುದು ಕೇಳಿ ಕಿವಿ ಬಿಸಿಯಾಯಿತು. ಒಂದು ಗಂಟೆಯ ಮಾತನ್ನು ಬರೆದುಕೊಳ್ಳಲು ಆರು ಗಂಟೆ ಬೇಕಾಗುತ್ತಿತ್ತು, ಆ ಆರು ಗಂಟೆಯೂ ನನ್ನದೇ ದನಿಯ ಜೊತೆ ಕಳೆಯುವ ಶಿಕ್ಷೆ.

ಒಂಬತ್ತನೆಯ ಸಂದರ್ಶನದ ದಿನ ಫೋನಿನಲ್ಲಿ ಜಾಗ ಸಾಲದೆ ಮುದ್ರಣ ಅರ್ಧಕ್ಕೇ ನಿಂತಿತ್ತು. ಹೋಯಿತೆಂದು ಮುಖ ಸಪ್ಪೆ ಮಾಡಿಕೊಂಡು ಹೋದಾಗ ಮೇಡಂ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನು ನೆನಪಿಸಿದರು. 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಳ ಕಾಲ ಸಂಸ್ಕರಿಸಿಟ್ಟುಕೊಂಡಿದ್ದ ಅವರು, 1970ರಲ್ಲಿ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ ಅವುಗಳ ಮೂರೂ ಪ್ರತಿಗಳನ್ನು ಕಳೆದುಕೊಂಡರು. ಆಮೇಲೆ ನೆನಪನ್ನೇ ಆಧಾರವಾಗಿಟ್ಟುಕೊಂಡು ಬರೆದ ಪುಸ್ತಕ 1976ರಲ್ಲಿ ಹೊರಬಂತು. ‘ನಿನ್ನದು ಅರ್ಧ ಗಂಟೆ. ಹೋಗಿ ಈಗಲೇ ಬರೆ, ನಾಳೆಗೆ ಇಡಬೇಡ’ ಎಂದರು. ಅಂದೇ ರಾತ್ರಿ ಬರೆದೆ. ನೆನಪಿನಿಂದ ಬರೆದದ್ದೆಂದು ಅದರ ನೆತ್ತಿಯ ಮೇಲೆ ನಮೂದಿಸಿದೆ.

ನನ್ನ ಊಹೆ ನಿಲ್ಲಲಿಲ್ಲ. ಮಾತುಗಾರರಲ್ಲೂ ಕೇಳದವರಿದ್ದರು, ಮುಖವೆತ್ತದೆ ಮಾತಾಡುವವರಲ್ಲೂ ಕೇಳಿದವರಿದ್ದರು. ಮನೆಯಲ್ಲಿ ಈಗಾಗಲೇ ಯಾರಾದರೂ ಕಾಲೇಜು ಓದಿದ್ದವರಿಗೆ ಕೊನೆಯ ದಿನಾಂಕವೆಂದರೆ ಮಾತುಕತೆಗೆ ಆಸ್ಪದವಿರುವ ಸಂಗತಿ. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿಗೆ ಬಂದವರಿಗೆ ಅದು ಗೋಡೆ. ‘ದಿನಾಂಕ ಹಾಕಿದ್ದಾರಲ್ಲ, ಮತ್ತೆ ಕೇಳುವುದೇನಿದೆ?’ ಎಂದು ಒಬ್ಬಳು ನನ್ನನ್ನೇ ಕೇಳಿದಳು. ಹಿಂದಿನ ಸೆಮಿಸ್ಟರಿನಲ್ಲಿ ನಾನೇ ಎರಡು ಸಲ, ಒಂದು ಸಾಲಿನ ಪತ್ರ ಬರೆದು, ಹೆಚ್ಚಿನ ಸಮಯ ಪಡೆದಿದ್ದೆ. ಅದು ನನಗೆ ಎಲ್ಲಿಂದ ಬಂದ ಧೈರ್ಯವೆಂದು ಅಲ್ಲಿಯತನಕ ಯೋಚಿಸಿರಲಿಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡಿಯು ಹೇಳುವ ಸಾಂಸ್ಕೃತಿಕ ಬಂಡವಾಳ, ಅಂದರೆ ಮನೆಯಿಂದ ಅರಿವಿಲ್ಲದೆಯೇ ಬರುವ ತಿಳಿವಳಿಕೆ ಮತ್ತು ರೀತಿನೀತಿಗಳ ಆಸ್ತಿ, ಎಂಬ ಪರಿಕಲ್ಪನೆಯನ್ನು ಎರಡನೆಯ ವರ್ಷದಲ್ಲಿ ಬರೆದು ಅಂಕ ಪಡೆದಿದ್ದೆನಾದರೂ, ಅದು ನನ್ನ ಕಿಸೆಯಲ್ಲೇ ಇದ್ದದ್ದು ಆಗ ತಿಳಿಯಿತು. ಇದನ್ನೇ ಬೇರೆಯವರು ಬೇರೆ ಕಡೆ ಈಗಾಗಲೇ ತೋರಿಸಿದ್ದಾರೆಂದು ಗ್ರಂಥಾಲಯದಲ್ಲಿ ಓದಿ ನಿರಾಶನಾದೆ. ಮೇಡಂ ಮಾತ್ರ, ‘ಪದವಿ ವಿದ್ಯಾರ್ಥಿಗೆ ಹೊಸದೇ ಸಿಕ್ಕಿದ್ದರೆ ನಾನು ನಿನ್ನ ವಿಧಾನವನ್ನು ಅನುಮಾನಿಸುತ್ತಿದ್ದೆ’ ಎಂದರು. 22ರಲ್ಲಿ ಇಬ್ಬರು ಈ ಸೂತ್ರಕ್ಕೆ ಹೊಂದಲಿಲ್ಲ. ಅವರಿಬ್ಬರನ್ನು ಕೈಬಿಟ್ಟರೆ ಅಧ್ಯಾಯ ಸೊಗಸಾಗುತ್ತಿತ್ತು. ಕೈಬಿಡಲು ಮೇಡಂ ಒಪ್ಪಲಿಲ್ಲ. ಆ ಇಬ್ಬರನ್ನೂ ಮತ್ತೆ ಮಾತಾಡಿಸಿದಾಗ, ಒಬ್ಬನಿಗೆ ಕೇಳಬಹುದೆಂದು ತಿಳಿಸಿದ್ದು ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ, ಹೆಸರೂ ಸರಿಯಾಗಿ ಗೊತ್ತಿಲ್ಲದ ಹಿರಿಯ ವಿದ್ಯಾರ್ಥಿಯೆಂದು ತಿಳಿಯಿತು. ಮಾರ್ಕ್ ಗ್ರಾನೊವೆಟರ್ 1973ರಲ್ಲಿ, ಹೊಸ ಮಾಹಿತಿ ಹೆಚ್ಚಾಗಿ ಆಪ್ತರಿಂದಲ್ಲ, ದೂರದ ಪರಿಚಯದವರಿಂದ ಬರುತ್ತದೆ ಎಂದು ವಾದಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಎರಡನೆಯವನು ಏಕೆ ಕೇಳಿದನೋ ನನಗೆ ಕೊನೆಗೂ ತಿಳಿಯಲಿಲ್ಲ, ಹಾಗೆಂದೇ ಬರೆದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು ಸಿದ್ಧಾಂತದ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಬೈಂಡಿಂಗ್ ಆಗಿದ್ದ ಪ್ರತಿಯನ್ನು ತಿರುವಿಹಾಕುತ್ತ, ‘ಇಪ್ಪತ್ತೆರಡು ಜನ ಮಾತಾಡಿದರು, ಸರಿ. ಎಷ್ಟು ಜನರನ್ನು ಕೇಳಿದ್ದೆ?’ ಎಂದರು. ನಾನು ಎಣಿಸಿರಲಿಲ್ಲ. ‘ಕೆಲವರು ಬರಲಾಗದು ಎಂದರು ಸರ್, ಕೆಲವರು ಉತ್ತರವನ್ನೇ ಕೊಡಲಿಲ್ಲ’ ಎಂದೆ. ‘ಕೇಳಿಕೊಳ್ಳಲು ಹಿಂಜರಿಯುವವರ ಬಗ್ಗೆ ನಿನ್ನ ಅಧ್ಯಯನ. ಪರಿಚಯವಿಲ್ಲದವನು ಬಂದು ಮಾತಾಡೋಣ ಎಂದರೆ ಹಿಂಜರಿಯುವವರೂ ಅವರೇ ಆಗಿರಬಹುದಲ್ಲವೇ?’ ಎಂದು ಅವರು ಮೆಲ್ಲಗೆ ಕೇಳಿದರು. ಒಂದು ಕೋಟಿ ಮತಪತ್ರಗಳ ಕಥೆಗೆ ಅಡಿಗೆರೆ ಎಳೆದವನು, ಗ್ರಂಥಾಲಯದ ಬಾಗಿಲಲ್ಲಿ ನಿಂತು ನಗೆಪಾಟಲಾದವನು, ಮೂರನೆಯ ಸಲವೂ ಅದೇ ಜಾಗದಲ್ಲಿ ಎಡವಿದ್ದೆ.

ಅಂದು ಸಂಜೆ ಫೋನಿನಲ್ಲಿದ್ದ ಹಳೆಯ ಸಂದೇಶಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ಎಣಿಸಿದೆ. 34 ಜನರಿಗೆ ಬರೆದಿದ್ದೆ. 22 ಜನ ಬಂದಿದ್ದರು, ನಾಲ್ವರು ಆಗದೆಂದು ತಿಳಿಸಿದ್ದರು, ಉಳಿದ ಎಂಟು ಸಂದೇಶಗಳು ಓದಿದ ಗುರುತಿನೊಂದಿಗೆ, ಉತ್ತರವಿಲ್ಲದೆ, ಹಾಗೆಯೇ ಕೂತಿದ್ದವು. ‘ಈ 12 ಜನರ ಬಗ್ಗೆ ಈ ಅಧ್ಯಯನಕ್ಕೆ ಏನೂ ತಿಳಿದಿಲ್ಲ’ ಎಂದು ಅರ್ಧ ಪುಟ ಬರೆದು ಮುದ್ರಿಸಿಕೊಂಡೆ. ಬೈಂಡಿಂಗ್ ಬಿಚ್ಚಲು ಬರುವಂತಿರಲಿಲ್ಲವಾದ್ದರಿಂದ, ಗ್ರಂಥಾಲಯಕ್ಕೆ ಕೊಟ್ಟ ಪ್ರತಿಯಲ್ಲಿ ಆ ಹಾಳೆಯನ್ನು 31ನೆಯ ಪುಟದ ಎದುರಿಗೆ ಗೋಂದು ಹಚ್ಚಿ ಅಂಟಿಸಿದ್ದೇನೆ.